ಬೀದರ್ ನೋಡಲು ಒಂದು ದಿನ ಸಾಕೇ, ಎರಡು ರಾತ್ರಿ ಉಳಿಯಬೇಕೇ?

ತುಂಗೆಯಿಂದ ಭೀಮೆಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಕಡೆಯವಳು. ನೌಕರಿಯ ನಿಮಿತ್ತ ಮೂರು ವರ್ಷಗಳಿಂದ ಕಲಬುರಗಿಯಲ್ಲಿದ್ದೇನೆ. ಡಿಸೆಂಬರ್ ಕೊನೆಯ ವಾರದಲ್ಲಿ ನನ್ನ ತಂದೆ, ತಾಯಿ ಮತ್ತು ಅಕ್ಕ ಇಲ್ಲಿಗೆ ಬರುತ್ತಿದ್ದಾರೆ. ಕಲಬುರಗಿಯ ಶರಣಬಸವೇಶ್ವರ ಗುಡಿ, ಬಂದೇನವಾಜ್ ದರ್ಗಾ, ಬುದ್ಧ ವಿಹಾರಗಳನ್ನು ನಾನೇ ತೋರಿಸಬಲ್ಲೆ. ಬೀದರ್‌ಗೆ ಮಾತ್ರ ನಾನು ಹೋದದ್ದು ಒಂದೇ ಸಲ, ಅದೂ ಕಚೇರಿಯ ಕೆಲಸಕ್ಕೆ. ಬಸ್ ನಿಲ್ದಾಣವನ್ನೂ ಒಂದು ಸಭಾಂಗಣವನ್ನೂ ಬಿಟ್ಟರೆ ಬೇರೇನನ್ನೂ ನೋಡಲಿಲ್ಲ.

ಬೆಳಿಗ್ಗೆ ಹೊರಟು ರಾತ್ರಿ ಕಲಬುರಗಿಗೆ ಮರಳಿದರೆ ಸಾಕು ಎಂದು ಕೆಲವರು ಹೇಳುತ್ತಾರೆ. ತಾಯಿಗೆ ಮೊಣಕಾಲು ನೋವಿದೆ. ಸಮತಟ್ಟಾದ ನೆಲದಲ್ಲಿ ನಡೆಯುತ್ತಾರೆ, ಮೆಟ್ಟಿಲು ಹತ್ತಲಾರರು. ತಂದೆ ನಿವೃತ್ತ ಶಿಕ್ಷಕರು, ದಿನವೂ ವಚನ ಓದುವವರು. ಬಸವಕಲ್ಯಾಣವನ್ನು ನೋಡದೆ ಊರಿಗೆ ಮರಳುವುದಿಲ್ಲ ಎಂದು ಈಗಲೇ ಹೇಳಿಬಿಟ್ಟಿದ್ದಾರೆ. ಅಕ್ಕನಿಗೆ ಬಿದ್ರಿ ಸಾಮಾನು (ಬೆಳ್ಳಿಯ ಕುಸುರಿ ಇರುವ ಕಪ್ಪು ಲೋಹದ ವಸ್ತುಗಳು) ಕೊಳ್ಳಬೇಕು, ಆದರೆ ಮೋಸ ಹೋಗುವ ಭಯ. ನಾವು ನಾಲ್ವರೂ ಸಸ್ಯಾಹಾರಿಗಳು. ಬಾಡಿಗೆ ಕಾರು ಮಾಡಿಕೊಂಡು ಬರುತ್ತೇವೆ. ಎಲ್ಲಿ ಉಳಿಯಬೇಕು, ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂದು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಚೌಬಾರಾ ಓಣಿ

ನಾನು ಹುಟ್ಟಿ ಬೆಳೆದದ್ದು ಬೀದರ್‌ನ ಹಳೆಯ ಊರಿನಲ್ಲಿ, ಆದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇರಬಹುದು. ಆದರೂ ಹೇಳುತ್ತೇನೆ: ಒಂದೇ ದಿನದಲ್ಲಿ ಬಂದು ಹೋಗುವವರು ಕೋಟೆಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ ನೋಡುತ್ತಾರೆ, ಊರಾಚೆಯ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಸಮಾಧಿ ಗುಮ್ಮಟಗಳನ್ನು ಕತ್ತಲಾದ ಮೇಲೆ ನೋಡುತ್ತಾರೆ, ಎರಡನ್ನೂ ಸರಿಯಾಗಿ ನೋಡುವುದಿಲ್ಲ. ಎರಡು ರಾತ್ರಿ ಉಳಿಯಿರಿ.

ಕೋಟೆಗೆ ಬೆಳಿಗ್ಗೆಯೇ ಹೋಗಿ. ಬಹಮನಿ ಸುಲ್ತಾನ ಅಹಮದ್ ಶಾಹನು ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ನಿಮ್ಮ ಕಲಬುರಗಿಯಿಂದ ಇಲ್ಲಿಗೆ ತಂದಾಗ ಬೆಳೆದ ಕೋಟೆಯಿದು. ಒಳಹೋಗುವ ಮುನ್ನ ಕಾರು ನಿಲ್ಲಿಸಿ ಕಂದಕವನ್ನು ನೋಡಿ. ಕೆಂಪು ಕಲ್ಲಿನ ನೆಲವನ್ನೇ ಕೊರೆದು, ನಡುನಡುವೆ ಕಲ್ಲಿನ ಗೋಡೆಗಳನ್ನು ಉಳಿಸಿ, ಮೂರು ಸಾಲಾಗಿ ಮಾಡಿದ್ದಾರೆ. ನಿಮ್ಮ ಮಲೆನಾಡಿನಲ್ಲಿ ಮನೆ ಕಟ್ಟುವ ಜಂಬಿಟ್ಟಿಗೆ ಕಲ್ಲೇ ಇದು ಎಂದು ತಂದೆಯವರಿಗೆ ತೋರಿಸಿದರೆ ಅವರಿಗೆ ಊರಿನ ನೆನಪಾದೀತು. ಶರ್ಜಾ ದರವಾಜೆಯ ಮೇಲಿನ ಎರಡು ಹುಲಿಗಳನ್ನು ನೋಡಲು ತಲೆ ಎತ್ತುವುದನ್ನು ಮರೆಯಬೇಡಿ. ವಾಹನ ದರವಾಜೆಗಳನ್ನು ದಾಟಿ ಒಳಗೇ ಹೋಗುವುದರಿಂದ ತಾಯಿಯವರು ಹೆಚ್ಚು ನಡೆಯಬೇಕಾಗಿಲ್ಲ.

ರಂಗೀನ್ ಮಹಲನ್ನು ಯಾವ ಕಾರಣಕ್ಕೂ ಬಿಡಬೇಡಿ. ಹೊರಗಿನಿಂದ ಸಾಧಾರಣವಾಗಿ ಕಾಣುವ ಈ ಕಟ್ಟಡದ ಒಳಗೆ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಕುಸುರಿಯೂ, ಕೆತ್ತನೆಯ ಮರದ ಕಂಬಗಳೂ, ಬಣ್ಣದ ಹೆಂಚುಗಳೂ ಇವೆ. ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ; ಕೋಟೆಯೊಳಗೆ ಹಳೆಯ ಹಮಾಮಿನಲ್ಲಿ (ಸ್ನಾನಗೃಹದಲ್ಲಿ) ಇರುವ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋಗಿ ಸಿಬ್ಬಂದಿಯನ್ನು ವಿನಯದಿಂದ ಕೇಳಿಕೊಂಡರೆ ತೆರೆದು ತೋರಿಸುತ್ತಾರೆ. ಸುತ್ತ ನಡೆದು ಬೀಗ ನೋಡಿ ಹಿಂದಿರುಗಿದ ಎಷ್ಟೋ ಪ್ರವಾಸಿಗರನ್ನು ನಾನು ಕಂಡಿದ್ದೇನೆ. ಹಮಾಮಿನ ಸಮೀಪದಲ್ಲೇ ಇರುವ ಸೋಲಾ ಖಂಬ ಮಸೀದಿ ನೆಲಮಟ್ಟದಲ್ಲಿದೆ. ಅದರ ಮುಂದಿನ ಉದ್ಯಾನದಲ್ಲಿ ತಾಯಿಯವರು ನೆರಳಿನಲ್ಲಿ ಕುಳಿತಿರಲಿ, ಉಳಿದವರು ತಖ್ತ್ ಮಹಲಿಗೆ ಹೋಗಿ ಬನ್ನಿ.

ಕೋಟೆಯಿಂದ ಹಳೆಯ ಊರಿನ ನಡುವಿನ ಗೋಪುರವಾದ ಚೌಬಾರದ ಕಡೆಗೆ ಬರುವ ದಾರಿಯಲ್ಲೇ ಮಹಮೂದ್ ಗವಾನನ ಮದರಸಾ ಇದೆ. ಗೀಲಾನಿನಿಂದ ವ್ಯಾಪಾರಕ್ಕೆಂದು ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು ಗವಾನ್; 1472ರಲ್ಲಿ ಈ ವಿದ್ಯಾಲಯವನ್ನು ಕಟ್ಟಿಸಿದ, 1481ರಲ್ಲಿ ವಿರೋಧಿಗಳ ಕುತಂತ್ರಕ್ಕೆ ಸಿಲುಕಿ ಸುಲ್ತಾನನ ಆಜ್ಞೆಯಿಂದಲೇ ಕೊಲೆಯಾದ. ಔರಂಗಜೇಬನ ಕಾಲದಲ್ಲಿ ಇಲ್ಲಿ ಇಟ್ಟಿದ್ದ ಮದ್ದು ಸಿಡಿದು ಮುಂಭಾಗದ ಅರ್ಧ ಹೋಯಿತು. ಉಳಿದ ಒಂದು ಮಿನಾರಿನ ಮೇಲೆ ನೀಲಿ, ಹಸಿರು ಹೆಂಚುಗಳು ಇಂದಿಗೂ ಇವೆ. ನನಗೆ ಇಡೀ ಊರಿನಲ್ಲಿ ಇದೇ ಹೆಚ್ಚು ಪ್ರಿಯವಾದ ಕಟ್ಟಡ.

ಅಷ್ಟೂರಿಗೆ ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ. ಅಹಮದ್ ಶಾಹ ವಲಿಯ ಸಮಾಧಿಯ ಒಳಗೋಡೆ ಮತ್ತು ಗುಮ್ಮಟದ ತುಂಬ ವರ್ಣಚಿತ್ರಗಳಿವೆ, ಆದರೆ ಒಳಗೆ ಬೆಳಕು ಬಹಳ ಕಡಿಮೆ. ಕಾವಲುಗಾರರು ಕನ್ನಡಿಯಿಂದ ಬಿಸಿಲನ್ನು ಒಳಕ್ಕೆ ಹಾಯಿಸಿ ತೋರಿಸುವುದುಂಟು, ಅದಕ್ಕೆ ಬಿಸಿಲು ಇರಬೇಕಷ್ಟೆ. ನೀವು ಕಲಬುರಗಿಯವರಾದ್ದರಿಂದ ಒಂದು ಮಾತು: ಈ ಸಮಾಧಿಯ ಉರುಸಿಗೆ ನಿಮ್ಮ ಜಿಲ್ಲೆಯ ಮಾದಿಹಾಳದ ಜಂಗಮರು ಬರುವ ವಾಡಿಕೆ ಇದೆ. ದಾರಿಯಲ್ಲಿ ಸಿಗುವ ಚೌಖಂಡಿ ಎಂಬ ಸಮಾಧಿ ಕಟ್ಟಡಕ್ಕೆ ಮೆಟ್ಟಿಲುಗಳಿವೆ. ತಾಯಿಯವರಿಗೆ ಅದು ಬೇಡ. ನರಸಿಂಹ ಝರಣಿಯಂತೂ ಬೇಡವೇ ಬೇಡ, ಅಲ್ಲಿ ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆದು ಹೋಗಬೇಕು.

ವಸತಿಗೆ ಪ್ರವಾಸೋದ್ಯಮ ನಿಗಮದ ಮಯೂರ ಬರೀದ್ ಶಾಹಿ ಇದೆ, ಅಲ್ಲದೆ ಉದಗೀರ್ ರಸ್ತೆಯ ಕಡೆ ಖಾಸಗಿ ವಸತಿಗೃಹಗಳೂ ಇವೆ. ಎಲ್ಲಿ ಉಳಿದರೂ ನೆಲಮಹಡಿಯ ಕೋಣೆ ಅಥವಾ ಲಿಫ್ಟ್ ಇದೆಯೇ ಎಂದು ಫೋನಿನಲ್ಲಿ ಕೇಳಿಯೇ ಹಣ ಕಟ್ಟಿ.

ಜೋಳದ ಕಣ

ಮೇಲಿನವರು ಊಟದ ವಿಷಯವನ್ನೇ ಬಿಟ್ಟುಬಿಟ್ಟರು! ಗುರುದ್ವಾರಾ ನಾನಕ್ ಝೀರಾ ಸಾಹಿಬ್‌ಗೆ ಸಂಜೆ ಹೋಗಿ. ಗುರುನಾನಕರು ಇಲ್ಲಿಗೆ ಬಂದಾಗ ಸಿಹಿನೀರಿಲ್ಲದ ಊರಿಗೆ ಈ ಬುಗ್ಗೆ ದೊರೆಯಿತೆಂಬುದು ನಂಬಿಕೆ. ಸಿಖ್ಖರ ಖಾಲ್ಸಾ ಪಂಥದ ಐವರು ಪ್ರಿಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರ್‌ನವರೇ. ಲಂಗರ್‌ನಲ್ಲಿ ಎಲ್ಲರಿಗೂ ಉಚಿತ ಸಸ್ಯಾಹಾರಿ ಊಟ ಇರುತ್ತದೆ. ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು. ಪಂಕ್ತಿಯಲ್ಲಿ ನೆಲದ ಮೇಲೆ ಕೂರಬೇಕಾಗುವುದರಿಂದ ತಾಯಿಯವರ ಮೊಣಕಾಲಿನ ವಿಷಯವನ್ನು ಸೇವಾದಾರರಿಗೆ ಮೊದಲೇ ತಿಳಿಸಿ.

ಉಳಿದ ಹೊತ್ತು ಹೋಟೆಲಿನ ಇಡ್ಲಿ, ದೋಸೆಗೆ ಹೋಗದೆ ಖಾನಾವಳಿಯಲ್ಲಿ ಉಣ್ಣಿ. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಇದ್ದರೆ ಮತ್ತೇನೂ ಬೇಕಾಗುವುದಿಲ್ಲ. ಶಿವಮೊಗ್ಗದ ನಾಲಿಗೆಗೆ ನಮ್ಮ ಖಾರ ಹೆಚ್ಚಾಗುತ್ತದೆ. ಕೆಂಪು ಹಿಂಡಿಯನ್ನು ಮೊಸರಿನಲ್ಲಿ ಕಲಸಿಕೊಳ್ಳುವುದು ಉತ್ತಮ.

ಒಂದು ಎಚ್ಚರಿಕೆ. ನಿಮ್ಮ ದಿನಗಳಲ್ಲಿ ಎಳ್ಳಮಾವಾಸ್ಯೆ ಬೀಳುತ್ತದೆಯೇ ಎಂದು ಪಂಚಾಂಗ ನೋಡಿಕೊಳ್ಳಿ. ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗಿರುತ್ತದೆ, ಅಂಗಡಿ, ಖಾನಾವಳಿಗಳನ್ನು ನೆಚ್ಚಿಕೊಂಡು ಕೂರುವಂತಿಲ್ಲ.

ಕಪ್ಪು ಮೇಲೆ ಬಿಳಿ

ಬಿದ್ರಿಯ ಬಗ್ಗೆ ಮಾತ್ರ ಬರೆಯುತ್ತೇನೆ. ನಮ್ಮ ಮನೆಯವರು ಈ ಕೆಲಸದವರಲ್ಲ, ಆದರೆ ನಮ್ಮ ಪಕ್ಕದ ಮನೆಯಲ್ಲಿ ದಿನವಿಡೀ ಚಾಣದ ಸದ್ದು ಕೇಳುತ್ತಲೇ ನಾನು ಬೆಳೆದೆ.

ಅಕ್ಕನವರು ಅಂಗಡಿಗೆ ಹೋಗುವ ಮುನ್ನ ಕೆಲಸ ನಡೆಯುವ ಜಾಗವನ್ನು ನೋಡಲಿ. ಚೌಬಾರದ ಸುತ್ತಲಿನ ಓಣಿಗಳಲ್ಲಿ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಎರಕವನ್ನು ಅರದಿಂದ ಉಜ್ಜಿ ನಯಗೊಳಿಸಿ, ಗೀರು ಕಾಣುವಂತೆ ಮೈಲುತುತ್ತದಿಂದ ತಾತ್ಕಾಲಿಕವಾಗಿ ಕಪ್ಪು ಮಾಡಿ, ಕೈಯಿಂದಲೇ ಬಳ್ಳಿ, ಹೂವು ಬರೆದು ಚಾಣದಿಂದ ಕೊರೆಯುತ್ತಾರೆ. ಆ ಕೊರೆತದಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಕಡೆಯಲ್ಲಿ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿದಾಗ ಲೋಹ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಬಿಸಿಲು, ಮಳೆ ಕಾಣದ ಮಣ್ಣೇ ಬೇಕು ಎಂದು ಕುಶಲಕರ್ಮಿಗಳು ಹೇಳುತ್ತಾರೆ. ಅವರಲ್ಲಿ ಕೆಲವರು ಅದನ್ನು ನಾಲಿಗೆಯ ಮೇಲೆ ಇಟ್ಟು ರುಚಿ ನೋಡಿ ಆರಿಸುತ್ತಾರೆ.

ಇಷ್ಟು ನೋಡಿದರೆ ಪರೀಕ್ಷೆ ತಾನಾಗಿಯೇ ತಿಳಿಯುತ್ತದೆ. ಸತುವಿನದಾದ್ದರಿಂದ ನಿಜವಾದ ಬಿದ್ರಿ ಸಾಮಾನು ಗಾತ್ರಕ್ಕೆ ತಕ್ಕಂತೆ ಭಾರವಾಗಿರುತ್ತದೆ. ಕಪ್ಪು ಬಣ್ಣ ಮೇಲೆ ಬಳಿದದ್ದಲ್ಲವಾದ್ದರಿಂದ ಸಿಪ್ಪೆಯಂತೆ ಏಳುವುದಿಲ್ಲ. ಕೈಕೆಲಸದ ಗೆರೆ ಎಲ್ಲ ಕಡೆ ಒಂದೇ ಸಮನಾಗಿ ಇರುವುದೂ ಇಲ್ಲ. ಎರಡು ಎಲೆಗಳು ಅಚ್ಚೊತ್ತಿದಂತೆ ಒಂದೇ ಥರ ಇದ್ದರೆ ಅನುಮಾನಿಸಿ. ಬೇರೊಂದು ಊರಿನ ಪ್ರದರ್ಶನ ಮಳಿಗೆಯಲ್ಲಿ ನಾನೇ, ಬೀದರ್‌ನವನಾಗಿಯೂ, ಬೆಲೆ ಕಡಿಮೆಯೆಂಬ ಆಸೆಗೆ ಒಂದು ಹೂದಾನಿ ಕೊಂಡು ಮೋಸ ಹೋದೆ. ಮನೆಗೆ ತಂದು ಒರೆಸಿದಾಗ ಬಟ್ಟೆ ಕಪ್ಪಾಯಿತು. ಪಕ್ಕದ ಮನೆಯ ಹಿರಿಯರು ಅದನ್ನು ಕೈಯಲ್ಲಿ ಎತ್ತಿ ನೋಡಿ ಏನೂ ಹೇಳದೆ ಕೆಳಗಿಟ್ಟರು.

ಬೆಲೆ ನಿಲ್ಲುವುದು ಬೆಳ್ಳಿಯ ತೂಕ ಮತ್ತು ಕೆಲಸದ ದಿನಗಳ ಮೇಲೆ. ಚಿಕ್ಕ ಡಬ್ಬಿಯೊಂದರ ಮೇಲೆ ದಟ್ಟವಾದ ಕೆಲಸವಿದ್ದರೆ ಅದು ದೊಡ್ಡ ಹೂಜಿಗಿಂತ ದುಬಾರಿಯಾಗುವುದು ಸಹಜ, ಅದರಲ್ಲಿ ಮೋಸವೇನಿಲ್ಲ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚ್ಯಂಕ ದೊರೆಯಿತು. 2023ರಲ್ಲಿ ನಮ್ಮೂರಿನ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ಆದರೂ ಎಳೆಯರು ಈ ಕೆಲಸಕ್ಕೆ ಬರುವುದು ಕಡಿಮೆಯಾಗಿದೆ, ಹಾಗಾಗಿ ಕುಶಲಕರ್ಮಿಯ ಕೈಯಿಂದಲೇ ಕೊಳ್ಳುವಾಗ ಹೆಚ್ಚು ಚೌಕಾಸಿ ಮಾಡಬೇಡಿ ಎಂದು ವಿನಂತಿ. ಮನೆಯಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಬಾರದು. ಒಣ ಮೆತ್ತನೆಯ ಬಟ್ಟೆ, ಆಗಾಗ ಒಂದು ಹನಿ ಎಣ್ಣೆ ಸಾಕು.

ಸಸ್ತಾಪುರ ಬಂಗ್ಲಾ

ಬಸವಕಲ್ಯಾಣಕ್ಕೆ ಬೀದರ್‌ನಿಂದ ಹೋಗಿ ಮತ್ತೆ ಬೀದರ್‌ಗೆ ಬರುವ ತಪ್ಪನ್ನು ಮಾಡಬೇಡಿ. ಮೂರನೆಯ ದಿನ ಕೋಣೆ ಖಾಲಿ ಮಾಡಿ, ಹುಮನಾಬಾದ್‌ಗೆ ಬಂದು, ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ತಿರುಗಿ, ಸಸ್ತಾಪುರ ಬಂಗ್ಲಾದಲ್ಲಿ ಒಳಕ್ಕೆ ಬನ್ನಿ. ಅನುಭವ ಮಂಟಪ, 108 ಅಡಿಯ ಬಸವಣ್ಣನವರ ಪ್ರತಿಮೆ, ಕೋಟೆ ಇಷ್ಟನ್ನು ನೋಡಿ ಸಂಜೆಯೊಳಗೆ ಕಲಬುರಗಿ ಸೇರಬಹುದು. ಒಂದು ಮಾತನ್ನು ತಂದೆಯವರಿಗೆ ಮೊದಲೇ ತಿಳಿಸಿ: ಈಗ ತೋರಿಸುವ ಅನುಭವ ಮಂಟಪ ಇಪ್ಪತ್ತನೆಯ ಶತಮಾನದ ಕಟ್ಟಡ, ಅದರ ಸಮೀಪ ಹೊಸ ಮಂಟಪಕ್ಕೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಹನ್ನೆರಡನೆಯ ಶತಮಾನದ ಗೋಡೆಗಳನ್ನು ಮುಟ್ಟುವ ಆಸೆಯಿಂದ ಬಂದ ನನ್ನ ಮಾವನವರು ಮೊದಲು ನಿರಾಶರಾದರು, ಆಮೇಲೆ ತ್ರಿಪುರಾಂತ ಕೆರೆಯ ದಡದಲ್ಲಿ ಒಂದು ಗಂಟೆ ಸುಮ್ಮನೆ ಕುಳಿತು ಸಮಾಧಾನ ಮಾಡಿಕೊಂಡರು.

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಗೆ ಸಾಧ್ಯವಾದರೆ ಹೋಗಿ. ಕಲ್ಯಾಣ ಚಾಲುಕ್ಯರ ಕಾಲದ ಆ ಗುಡಿಯ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಸುಂದರಿಯೊಬ್ಬಳಿದ್ದಾಳೆ; ಆಕೆ ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಮರಳುವ ದಾರಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಕೊಳ್ಳಿ.

ತುಂಗೆಯಿಂದ ಭೀಮೆಗೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ರಾತ್ರಿ ಎಂದು ನಿಶ್ಚಯವಾಯಿತು. ಪಂಚಾಂಗ ನೋಡಿದೆ, ನಾವು ಬೀದರ್‌ನಲ್ಲಿರುವ ಎರಡನೆಯ ದಿನವೇ ಎಳ್ಳಮಾವಾಸ್ಯೆ. ಹೀಗಾಗಿ ಮೊದಲ ದಿನ ಬೆಳಿಗ್ಗೆ ಬೇಗ ಹೊರಟು ಬಂದು, ಮದರಸಾ ನೋಡಿ, ಬಿದ್ರಿ ಖರೀದಿ ಮುಗಿಸಿ, ಸಂಜೆ ಗುರುದ್ವಾರಕ್ಕೆ ಹೋಗುತ್ತೇವೆ. ಎರಡನೆಯ ದಿನಕ್ಕೆ ಕೋಟೆ ಮತ್ತು ಅಷ್ಟೂರು. ಆದರೆ ಆ ದಿನ ಮಧ್ಯಾಹ್ನದ ಊಟಕ್ಕೆ ಏನು ಮಾಡಬೇಕು? ಬುತ್ತಿ ಕಟ್ಟಿಕೊಂಡು ಬರಬೇಕೇ?

ಜೋಳದ ಕಣ

ಎಳ್ಳಮಾವಾಸ್ಯೆಯ ದಿನ ಬೀದರ್‌ಗೆ ಬಂದವರು ಬುತ್ತಿ ತಂದರೆಂದರೆ ನಮ್ಮ ಮರ್ಯಾದೆ ಏನಾಗಬೇಕು? ನಮ್ಮ ಹೊಲ ಅಷ್ಟೂರಿನಿಂದ ದೂರವಿಲ್ಲ. ಹನ್ನೆರಡೂವರೆಯ ಹೊತ್ತಿಗೆ ಪೂಜೆ ಮಾಡಿ ಹೊಲಕ್ಕೆ ಎಡೆ ಎರಚುವ ಚರಗ ಚೆಲ್ಲಿ ಮುಗಿದಿರುತ್ತದೆ. ಕಾಳು, ತರಕಾರಿ ಬೆರೆಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ ಎಲ್ಲವೂ ಇರುತ್ತವೆ, ಎಲ್ಲವೂ ಸಸ್ಯಾಹಾರವೇ. ಕಾರು ಬದುವಿನವರೆಗೂ ಬರುತ್ತದೆ. ದಾರಿಯನ್ನು ಖಾಸಗಿ ಸಂದೇಶದಲ್ಲಿ ಬರೆದು ಕಳುಹಿಸುತ್ತೇನೆ. ತಾಯಿಯವರಿಗೆ ಒಂದು ಕುರ್ಚಿಯನ್ನು ಬೆಳಿಗ್ಗೆಯೇ ಬಂಡಿಯಲ್ಲಿ ಹಾಕಿಕೊಂಡು ಹೋಗಿರುತ್ತೇವೆ.