‘ಎಳೆ ಎಲುಬು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಗಿಡ್ಡವಾದ ಕಾಲನ್ನು ಉದ್ದ ಮಾಡುವ ಚಿಕಿತ್ಸೆಯಲ್ಲಿ ಹುಟ್ಟುವ ಹೊಸ ಎಲುಬಿಗೆ ಒಂದು ಪದ ಬೇಕಾಗಿದೆ. ಒಂದು ಅಂತ ಶುರು ಮಾಡಿದ್ದು, ಈಗ ನಾಲ್ಕೈದಾಗಿದೆ.

ಅಕ್ಕನ ಮಗ ಬದಿಯಡ್ಕದ ಹತ್ತಿರ ಬೈಕಿನಿಂದ ಬಿದ್ದು ಮೊಣಕಾಲಿನ ಕೆಳಗಿನ ಎಲುಬು ಮುರಿದುಕೊಂಡ. ಒಳಗೆ ಕೀವಾಗಿ ಒಂದು ತುಂಡನ್ನೇ ತೆಗೆಯಬೇಕಾಯಿತು. ಕಾಲು 4 ಸೆಂಟಿಮೀಟರ್ ಗಿಡ್ಡವಾಯಿತು, ಸ್ವಲ್ಪ ಡೊಂಕೂ ಆಯಿತು. ಈಗ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಇಲಿಜರೋವ್ ಹಾಕಿದ್ದಾರೆ, ಕಾಲಿನ ಸುತ್ತ ಲೋಹದ ಬಳೆಗಳಿರುವ ಸಾಧನ. ಮನೆಗೆ ಕಳಿಸುವಾಗ ಒಂದು ಹಾಳೆ ಕೊಟ್ಟರು. ಒಂದು ಬದಿ ಮಲಯಾಳ, ಇನ್ನೊಂದು ಬದಿ ಕನ್ನಡ. ಕನ್ನಡದ ಬದಿಯ ತಲೆಬರಹ: ‘ಬಾಹ್ಯ ಸ್ಥಿರೀಕರಣ ಸಾಧನದ ಮೂಲಕ ಅಸ್ಥಿ ವಿಸ್ತರಣೆ’.

ಅಮ್ಮ ಅದನ್ನು ‘ಆಸ್ತಿ ವಿಸ್ತರಣೆ’ ಎಂದು ಓದಿದರು. “ಎಷ್ಟು ಸೆಂಟ್ಸು?” ಎಂದು ಕೇಳಿದರು. ನಾಲ್ಕು ಎಂದೆ! ಕೊನೆಗೆ ಎಲ್ಲರೂ ಮಲಯಾಳದ ಬದಿಯನ್ನೇ ಓದಿ ಅರ್ಥ ಮಾಡಿಕೊಂಡೆವು. ಕಾಸರಗೋಡಿನವರಿಗೆ ಇದು ಹೊಸತಲ್ಲ ಬಿಡಿ. ಆದರೆ ನನಗೆ ಹಟ ಬಂತು. ಮನೆಯವರಿಗೆ ಅರ್ಥವಾಗುವ ಕನ್ನಡದ ಹಾಳೆಯೊಂದನ್ನು ನಾನೇ ಬರೆಯಲು ಕೂತೆ.

ಮೊದಲಿಗೆ ‘ಅಸ್ಥಿ’ ತೆಗೆದೆ. ನಮ್ಮ ಮನೆಗಳಲ್ಲಿ ಆ ಪದ ಬರುವುದು ಸಂಸ್ಕಾರ ಮುಗಿದ ಮೇಲೆ, ಮಡಕೆಯಲ್ಲಿ. ಬದುಕಿರುವ ಹುಡುಗನ ಕಾಲಿಗೆ ಅದು ಬೇಡ. ‘ಮೂಳೆ’ ಎಂದರೆ ಪಾಠಪುಸ್ತಕದ ವಾಸನೆ. ನಮಗೆ ಎಲುಬೇ ಸರಿ. ತುಳುವಿನಲ್ಲಿ ಎಲು, ಮಲಯಾಳದಲ್ಲಿ ಎಲ್ಲ್. ಮೂರು ಮನೆಗೂ ಹತ್ತಿರದ ಮಾತು.

‘ಸ್ಥಿರೀಕರಣ’ವೂ ನನಗೆ ಹಿಡಿಸಲಿಲ್ಲ. ಸ್ಥಿರ ಅಂದರೆ ಅಲುಗದ್ದು. ಈ ಸಾಧನ ಎಲುಬಿನ ತುಂಡುಗಳು ಅಲ್ಲಾಡದಂತೆ ಹಿಡಿಯುತ್ತದೆ, ನಿಜ. ಆದರೆ ಇದನ್ನು ಹಾಕಿದ್ದೇ ದಿನವೂ ಅವನ್ನು ಒಂದಿಷ್ಟು ಸರಿಸಲಿಕ್ಕೆ. ಇನ್ನು ‘ಚೌಕಟ್ಟು’ ಎಂದರೆ ನಾಲ್ಕು ಮೂಲೆ ಕಾಣುತ್ತದೆ, ಇದೋ ಗುಂಡಗಿದೆ. ನಾನು ‘ಹೊರಕಟ್ಟು’ ಎಂದು ಬರೆದೆ. ಮುರಿದ ಎಲುಬಿಗೆ ಕಟ್ಟು ಕಟ್ಟುವುದು ನಮಗೆ ಗೊತ್ತೇ ಇದೆ. (ಬೆಂಗಳೂರಿನಲ್ಲಿ ‘ಪುತ್ತೂರು ಕಟ್ಟು’ ಎಂಬ ಬೋರ್ಡು ನೋಡಿ ನಮ್ಮ ಪಕ್ಕದ ಪುತ್ತೂರೇ ಅಂತ ಖುಷಿಪಟ್ಟಿದ್ದೆ. ಅದು ಆಂಧ್ರದ ಪುತ್ತೂರು!) ಅಳಿಯನ ಗೆಳೆಯರಿಗೆ ಇದಾವುದೂ ಬೇಕಿಲ್ಲ. ಇಲಿಜರೋವ್ ಎಂಬ ಹೆಸರು ಕೇಳಿ, ಕಾಲಿನ ಸುತ್ತ ಇರುವ ಪಂಜರ ನೋಡಿ, ‘ಇಲಿಬೋನು’ ಎಂದು ಹೆಸರಿಟ್ಟಿದ್ದಾರೆ.

ಇಲಿಜರೋವ್ ಸೈಬೀರಿಯದ ಕುರ್ಗಾನ್ ಊರಿನ ಡಾಕ್ಟರು, 1950ರ ದಶಕದಲ್ಲಿ ಇದನ್ನು ರೂಪಿಸಿದವರು. ಎಲುಬಿನ ಅಡ್ಡಕ್ಕೆ ತೆಳ್ಳಗಿನ ತಂತಿಗಳನ್ನು ತೂರಿಸಿ, ಬಿಗಿಯಾಗಿ ಎಳೆದು ಬಳೆಗಳಿಗೆ ಕಟ್ಟುತ್ತಾರೆ. ಈ ತಂತಿಗೆ ರಷ್ಯನ್ನಿನಲ್ಲಿ ‘ಸ್ಪಿತ್ಸಾ’ ಎನ್ನುತ್ತಾರೆ. ಸೈಕಲ್ ಚಕ್ರದ ಕಡ್ಡಿಗೂ ಸ್ವೆಟರ್ ಹೆಣೆಯುವ ಕಡ್ಡಿಗೂ ಅಲ್ಲಿ ಅದೇ ಪದ. ಹಾಗಾಗಿ ‘ಕಡ್ಡಿ’ ಎಂದೇ ಬರೆಯೋಣ ಅಂದುಕೊಂಡೆ. ಮನೆಯಲ್ಲಿ ಎಲ್ಲರೂ ಹೇಳುವುದು ‘ಕಂಬಿ’. ಹುಡುಗ ತಿಂಗಳುಗಟ್ಟಲೆ ಕಂಬಿ ಎಣಿಸುತ್ತಿರುವುದೂ ಹೌದು.

ತೊಡಕು ಶುರುವಾಗಿದ್ದು ‘ಕಾಲು’ ಪದದಲ್ಲಿ. ಬಳೆಗಳ ನಡುವಿನ ತಿರುಪನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೆ ಅವು 1 ಮಿಲಿಮೀಟರ್ ದೂರವಾಗುತ್ತವೆ. ದಿನಕ್ಕೆ ಬೇಕಾದದ್ದೂ ಅಷ್ಟೇ. ಆದರೆ ಒಂದೇ ಸಲಕ್ಕೆ ಅಲ್ಲ, 6 ಗಂಟೆಗೊಮ್ಮೆ ಕಾಲು ಸುತ್ತು. ‘ಕಾಲಿನ ತಿರುಪನ್ನು ಕಾಲು ಸುತ್ತು ತಿರುಗಿಸಿ’ ಎಂದು ಬರೆದೆ. ಅಕ್ಕ ಓದಿ, “ಕಾಲಿನ ಸುತ್ತ ತಿರುಗಿಸೂದಾ?” ಎಂದಳು. ಇಲ್ಲಿ ಮಲಯಾಳವೂ ನೆರವಿಗೆ ಬರಲಿಲ್ಲ, ಅಲ್ಲೂ ಕಾಲ್ ಎಂದರೆ ಎರಡೂ ಆಗುತ್ತದೆ. ಅಮ್ಮ ಮಾತ್ರ ಸಲೀಸಾಗಿ ದಾಟಿಕೊಂಡರು. ಬೆಳಿಗ್ಗೆ ಎದ್ದ ಕೂಡಲೇ ಮೊಮ್ಮಗನನ್ನು ಕೇಳುತ್ತಾರೆ: “ಕಾಲಿಂಗೆ ಕೀ ಕೊಟ್ಟಾತೊ ಮಗ?” ಗಡಿಯಾರಕ್ಕೆ ಕೊಡುವ ಹಾಗೆ.

ಈಗ ಮುಖ್ಯ ವಿಷಯ. ‘ವಿಸ್ತರಣೆ’ ಅಂದರೂ ‘ಉದ್ದ ಮಾಡುವುದು’ ಅಂದರೂ ಕೇಳಿದವರು ಎಲುಬನ್ನು ರಬ್ಬರಿನ ಹಾಗೆ ಜಗ್ಗುತ್ತಾರೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಎಲುಬನ್ನು ಒಂದು ಕಡೆ ಜಾಗ್ರತೆಯಿಂದ ಕೊಯ್ದು, ವಾರದ ಮಟ್ಟಿಗೆ ಸುಮ್ನೆ ಬಿಡುತ್ತಾರೆ. ಅಲ್ಲಿ ಕೂಡಿಕೊಳ್ಳುವ ಕೆಲಸ ಶುರುವಾಗುತ್ತದೆ. ಆಮೇಲೆ ಎರಡು ತುದಿಗಳನ್ನು ನಿಧಾನ ದೂರ ಮಾಡುತ್ತಾ ಹೋಗುತ್ತಾರೆ. ನಡುವಿನ ಜಾಗದಲ್ಲಿ ಹೊಸ ಎಲುಬು ಹುಟ್ಟುತ್ತದೆ. ಅವಸರ ಮಾಡಿದರೆ ಹುಟ್ಟುವುದಿಲ್ಲ, ನರಗಳಿಗೂ ಪೆಟ್ಟು. ತೀರಾ ನಿಧಾನವಾದರೆ ಬೇಕಾದಷ್ಟು ಉದ್ದವಾಗುವ ಮೊದಲೇ ಕೂಡಿಕೊಂಡುಬಿಡುತ್ತದೆ.

ಆ ಹೊಸ ಎಲುಬಿಗೆ ‘ಎಳೆ ಎಲುಬು’ ಎನ್ನಬಹುದೇ? ಎಳೆದಿದ್ದರಿಂದ ಬಂದದ್ದು, ಇನ್ನೂ ಎಳೆಯದು. ಎಕ್ಸ್‌ರೇಯಲ್ಲಿ ನೋಡಿದರೆ ಎಳೆದ ದಿಕ್ಕಿಗೇ ಎಳೆಎಳೆಯಾಗಿ ಕಾಣುತ್ತದೆ. ಮೂರು ಅರ್ಥವೂ ಕೂಡಿಬಂದದ್ದು ನೋಡಿ ಕುಣಿದಾಡುವಷ್ಟು ಖುಷಿಯಾಯಿತು. ಆಮೇಲೆ ಅನುಮಾನ. ಹಳಗನ್ನಡದಲ್ಲಿ ಜಗ್ಗುವ ಎೞೆ, ನೂಲಿನ ಎೞೆ ಎರಡಕ್ಕೂ ೞಕಾರ. ಎಳಸಾದ ಎಳೆಗೆ ಮಾತ್ರ ಳಕಾರ. ಮಲಯಾಳದವರು ಈಗಲೂ ನೂಲಿಗೆ ‘ಇೞ’, ಎಳನೀರಿಗೆ ‘ಇಳನೀರ್’ ಎಂದು ಬೇರೆಬೇರೆಯಾಗಿಯೇ ಹೇಳುತ್ತಾರೆ. ನಾವು ೞ ಕಳಕೊಂಡದ್ದರಿಂದ ಸಿಕ್ಕ ಲಾಭ ಇದು. ಬೇರು ಬೇರೆಯಾದರೇನು, ಇವತ್ತಿನ ಕಿವಿಗೆ ಒಂದೇ ತಾನೇ? ಪದ ಬಲ್ಲವರು ಬೈಯುವುದಿದ್ದರೆ ಬೈಯಿರಿ.

‘ಎಳೆ’ ಒಪ್ಪಿದರೆ ಮುಂದಿನ ಹಂತಕ್ಕೆ ಪದ ಹುಡುಕಬೇಕಾಗಿಲ್ಲ: ‘ಬಲಿಯುವುದು’. ಎಳೆದದ್ದು 40 ದಿನ. ಗಟ್ಟಿಯಾಗಲು ಅದರ ದುಪ್ಪಟ್ಟಿಗಿಂತ ಜಾಸ್ತಿ ಬೇಕು, ಅಷ್ಟು ಕಾಲ ಬೋನು ಕಾಲಲ್ಲೇ ಇರಬೇಕು. ಮೂರನೇ ತಿಂಗಳ ಎಕ್ಸ್‌ರೇ ನೋಡಿ ಡಾಕ್ಟರು ಇನ್ನೂ ಆಗಿಲ್ಲ ಎಂದರು. ಅಮ್ಮ, “ಬೊಂಡ ಹೋಗಿ ಬನ್ನಂಗಾಯಿ ಆಗಿರಬೇಕು” ಎಂದರು. (ಬೊಂಡ ಅಂದರೆ ಎಳನೀರಿನ ಕಾಯಿ, ಬನ್ನಂಗಾಯಿ ಅಂದರೆ ಅರೆಬಲಿತ ತೆಂಗಿನಕಾಯಿ.) ಇದಕ್ಕಿಂತ ಸರಿಯಾಗಿ ನನಗಂತೂ ಹೇಳಲು ಬರುವುದಿಲ್ಲ.

ಇನ್ನೊಂದು. ಹಾಳೆಯಲ್ಲಿ ‘ಅಂಗವೈಕಲ್ಯ ಸರಿಪಡಿಸುವಿಕೆ’ ಎಂದಿತ್ತು. ಹುಡುಗ ಅದನ್ನು ಓದಿ ಎರಡು ದಿನ ಮಾತಾಡಲಿಲ್ಲ. ಡಾಕ್ಟರು ಹೇಳಿದ್ದು ಎಲುಬಿನ ಆಕಾರದ ಬಗ್ಗೆ, ಅವನ ಬಗ್ಗೆ ಅಲ್ಲ. ಬಾಗಿದ್ದರೆ ಡೊಂಕು, ತಿರುಗಿ ಕೂತಿದ್ದರೆ ತಿರುಚು, ಉದ್ದ ಕಡಿಮೆಯಿದ್ದರೆ ಗಿಡ್ಡ. ತುಂಡು ಪಕ್ಕಕ್ಕೆ ಜರುಗಿದ್ದರೆ? ಅದಕ್ಕೆ ಒಳ್ಳೆಯ ಪದ ಸಿಕ್ಕಿಲ್ಲ. ಈ ನಾಲ್ಕನ್ನೂ ಒಟ್ಟಿಗೆ ಹೇಳಲು ‘ಎಲುಬಿನ ಸೊಟ್ಟ’ ಸಾಕೇ?

ಕಂಬಿ ಚರ್ಮದ ಒಳಗೆ ಹೋಗುವ ಜಾಗವನ್ನು ದಿನಾ ಒರೆಸಿ ಚೊಕ್ಕ ಇಡಬೇಕು, ಕೀವಾಗುವುದು ಅಲ್ಲೇ. ಸದ್ಯಕ್ಕೆ ‘ಕಂಬಿಯ ಬುಡ’ ಎಂದು ಬರೆದಿದ್ದೇನೆ. ನಮ್ಮ ಹಾಗೆ ಕರ್ನಾಟಕದ ಗಡಿಯಾಚೆ ಇರುವ ತಾಳವಾಡಿ, ಮಡಕಶಿರಾ, ಅಕ್ಕಲಕೋಟೆ ಕಡೆಯವರು, ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇದನ್ನು ಹಾಕಿಸಿಕೊಂಡವರಿದ್ದರೆ, ಆ ಜಾಗಕ್ಕೆ ಏನೆನ್ನುತ್ತಿದ್ದರು?