ಓದುಗರ ಸ್ಪಂದನ: ಕೋರ್ ತಂಡದ ಕರೆಗೆ ಒಪ್ಪಬೇಕೆ?

ಕಾಗುಣಿತದ ತಪ್ಪು ತೋರಿಸುವ ಕನ್ನಡ ಪದಪರೀಕ್ಷಕದ ಮುಕ್ತ ತಂತ್ರಾಂಶಕ್ಕೆ ಎರಡು ವರ್ಷಗಳಿಂದ ಪ್ಯಾಚ್ (ಕೋಡಿನ ತಿದ್ದುಪಡಿ) ಕಳುಹಿಸುತ್ತಿರುವ, ಕಲಬುರಗಿಯ ಖಾಸಗಿ ಕಂಪನಿಯೊಂದರ ಉದ್ಯೋಗಿಯಾದ ಸೋದರಿಯನ್ನು ಆ ತಂತ್ರಾಂಶದ ಹೊಣೆ ಹೊತ್ತ ಕೋರ್ ತಂಡ ತನ್ನೊಳಗೆ ಸೇರಲು ಕರೆದಿದೆ. ಒಪ್ಪಬೇಕೆ ಎಂಬ ಅವರ ಪ್ರಶ್ನೆಗೆ ಬಂದ ಉತ್ತರಗಳು.

ಸಹೋದರಿ, ಇನ್ನಷ್ಟು ಕೋಡ್ ಬರೆಯಲು ಸಮಯ ಎಲ್ಲಿದೆ ಎಂಬುದು ನಿಮ್ಮ ಆತಂಕ. ಇಂಥದೇ ತಂಡದಲ್ಲಿ ಆರು ವರ್ಷ ಇದ್ದ ಅನುಭವದಿಂದ ಹೇಳುತ್ತೇನೆ, ಅಲ್ಲಿ ಬರೆಯುವುದು ಕಡಿಮೆಯಾಗಿ ಬೇರೆಯವರು ಬರೆದದ್ದನ್ನು ಓದುವುದೇ ಹೆಚ್ಚಾಗುತ್ತದೆ. ಒಮ್ಮೆ ವಿದ್ಯಾರ್ಥಿಯೊಬ್ಬ ಪದಪಟ್ಟಿಯಲ್ಲಿದ್ದ ಕಣ್ಣಿಗೆ ಕಾಣದ ಸಂಕೇತಗಳನ್ನೆಲ್ಲ ತೆಗೆದುಹಾಕುವ ಅಚ್ಚುಕಟ್ಟಾದ ಪ್ಯಾಚ್ ಕಳುಹಿಸಿದ್ದ. ಆದರೆ ‘ರ‍್ಯಾಂಕ್’ ಪದದಲ್ಲಿ ರಕಾರವನ್ನು ಮುಂದೆ ನಿಲ್ಲಿಸಿ ಯಕಾರವನ್ನು ಒತ್ತಾಗಿಸುವ ಸಂಕೇತವೂ ಅದರೊಂದಿಗೆ ಅಳಿಸಿಹೋಗಿ, ‘ಸೂರ್ಯ’ದಲ್ಲಿರುವಂತೆ ಅರ್ಕಾವೊತ್ತು ಬಂದು ಕೂತಿತು. ಅದನ್ನು ಪತ್ತೆಹಚ್ಚಲು ಒಂದು ಸಂಜೆ ಹಿಡಿದರೆ, ಹುಡುಗನ ಹುಮ್ಮಸ್ಸು ಕುಂದದಂತೆ ಉತ್ತರ ಬರೆಯಲು ಇನ್ನೊಂದು ಸಂಜೆ ಹಿಡಿಯಿತು. ಆ ಎರಡನೆಯ ಸಂಜೆ ನಿಮಗೆ ಹೊರೆಯೆನಿಸದಿದ್ದರೆ ಖಂಡಿತ ಸೇರಿ.

ಸೇರುವ ಮುನ್ನ, ಮರ್ಜ್ ಮಾಡುವ (ಬಂದ ಪ್ಯಾಚನ್ನು ಮೂಲ ಕೋಡಿಗೆ ಸೇರಿಸುವ) ಹಕ್ಕು ಈಗ ಎಷ್ಟು ಜನರಿಗಿದೆ, ಭದ್ರತೆಯ ದೂರು ಬಂದರೆ ಮೊದಲು ನೋಡುವವರು ಯಾರು ಎಂದು ಕೇಳಿ ತಿಳಿಯಿರಿ. 2024ರಲ್ಲಿ ಬಯಲಾದ ಎಕ್ಸ್‌ಜೆಡ್ (ಕಡತಗಳನ್ನು ಕುಗ್ಗಿಸುವ ಮುಕ್ತ ತಂತ್ರಾಂಶ) ಪ್ರಕರಣದಲ್ಲಿ, ಒಬ್ಬರೇ ಹೊತ್ತು ದಣಿದಿದ್ದ ಯೋಜನೆಗೆ ನೆರವಾಗುವ ನೆಪದಲ್ಲಿ ಬಂದ ಅಪರಿಚಿತರು ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ, ಕೊನೆಗೆ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಯಂತ್ರಗಳಿಗೆ ಕಳ್ಳಗಿಂಡಿ ಇಟ್ಟಿದ್ದರು. ನಿಮ್ಮಂಥವರು ಹೆಗಲು ಕೊಡಬೇಕು ಎಂದು ನಾನು ಬಯಸುವುದು ಇದಕ್ಕಾಗಿಯೇ.
– ತಂತ್ರಾಂಶ ಎಂಜಿನಿಯರ್, ಬೀದರ್

ಮೊದಲು ನಿಮ್ಮ ನೇಮಕಾತಿ ಪತ್ರವನ್ನು ತೆಗೆದು ಓದಿ. ನೌಕರಿಯಲ್ಲಿರುವಾಗ ಬರೆದ ಕೋಡೆಲ್ಲ ಕಂಪನಿಯ ಸ್ವತ್ತು ಎಂಬ ಷರತ್ತು ಅದರಲ್ಲಿರಬಹುದು. ನನ್ನ ಪತ್ರದಲ್ಲಿ ಅದಿದ್ದುದನ್ನು ತಡವಾಗಿ ಗಮನಿಸಿ ಮೂರು ತಿಂಗಳ ಕೆಲಸವನ್ನು ಯೋಜನೆಯಿಂದ ಹಿಂಪಡೆದ ಸಂಕಟ ಇನ್ನೂ ಮರೆತಿಲ್ಲ. ಕಂಪನಿಯ ಬಾಯಿಮಾತಿನ ಒಪ್ಪಿಗೆ ಸಾಲದು, ಲಿಖಿತವಾಗಿಯೇ ಪಡೆಯಿರಿ. ತಂಡಕ್ಕೂ ಒಂದು ವರ್ಷದ ಮಟ್ಟಿಗೆ ಮಾತ್ರ ಇರುತ್ತೇನೆ ಎಂದು ಮೊದಲೇ ತಿಳಿಸಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದ ಗೈಡೊ ವಾನ್ ರೋಸಮ್ ಅವರೇ 2018ರಲ್ಲಿ ಅಂತಿಮ ತೀರ್ಮಾನದ ಹೊಣೆಯಿಂದ ಹಿಂದೆ ಸರಿದರು. ಆ ಹೊಣೆ ಚುನಾಯಿತ ಐವರ ಸಮಿತಿಗೆ ಹೋಯಿತು, ಭಾಷೆ ನಿಲ್ಲಲಿಲ್ಲ.
– ಓದುಗ, ಕಲಬುರಗಿ

ನನಗೆ ಕೋಡ್ ತಿಳಿಯದು, ನಾನು ನಿವೃತ್ತ ಕನ್ನಡ ಶಿಕ್ಷಕಿ. ಮೊಮ್ಮಗನ ಕಂಪ್ಯೂಟರಿನಲ್ಲಿ ‘ಖರೆ’, ‘ಹೈರಾಣ’ ಎಂದು ಬರೆದಾಗಲೆಲ್ಲ ಅಡಿಯಲ್ಲಿ ಕೆಂಪು ಗೆರೆ ಮೂಡುತ್ತದೆ, ನಮ್ಮ ಭಾಗದ ಮಾತೇ ತಪ್ಪೆಂಬಂತೆ. ಯಾವ ಪದ ಪಟ್ಟಿಗೆ ಸೇರಬೇಕೆಂದು ತೀರ್ಮಾನಿಸುವ ಜಾಗದಲ್ಲಿ ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಇರಲಿ ತಾಯಿ. ಮೂವತ್ತು ವರ್ಷಗಳಿಂದ ನಾನು ಬರೆದಿಟ್ಟ ಇಂಥ ಪದಗಳ ವಹಿಯನ್ನು ನಿಮಗೆ ಕಳುಹಿಸಿಕೊಡಲು ಸಿದ್ಧಳಿದ್ದೇನೆ.
– ಓದುಗಿ, ಶಹಾಪುರ, ಯಾದಗಿರಿ ಜಿಲ್ಲೆ