ಲೆವಿನ್‌ರ ‘ಬ್ಲೂ ಡ್ಯಾನ್ಯೂಬ್’: ಮೂಲ ಗ್ರಾಮಫೋನ್ ತಟ್ಟೆ ತರಿಸಲೇ, ಸಿ.ಡಿ. ಸಾಕೇ? ಅನುಭವವಿದ್ದವರು ಹೇಳಿ

ಹೊಸಬ: ಸ್ಟ್ರಾಸ್‌ನ ಈ ವಾಲ್ಟ್ಸ್ (ಜೋಡಿ ನೃತ್ಯದ ಸಂಗೀತ) ಅನ್ನು ಶುಲ್ಟ್ಸ್-ಎವ್ಲರ್ ಪಿಯಾನೊಗೆ ಹೆಣೆದದ್ದು, ಜೋಸೆಫ್ ಲೆವಿನ್ ನುಡಿಸಿದ್ದು, 1928ರ ಮುದ್ರಣ. ವಿದೇಶದಲ್ಲೊಬ್ಬರ ಬಳಿ ನಿಮಿಷಕ್ಕೆ 78 ಸುತ್ತು ತಿರುಗುವ ಮೂಲ ತಟ್ಟೆ ಮಾರಾಟಕ್ಕಿದೆ. ನನ್ನಲ್ಲಿರುವುದು ಆಮೇಲೆ ಬಂದ ಎಲ್‌ಪಿ ತಟ್ಟೆಗಳ ಯಂತ್ರ. ಕೊಂಡವರು ಹೇಳುವಿರಾ?

ಎರಡು ಹೋಳು: ನಾನು ತರಿಸಿದ್ದೂ ಅದನ್ನೇ. ತಟ್ಟೆಗೆ 2,350, ಸಾಗಣೆಗೆ 3,400, ಸುಂಕ 1,280, ಒಟ್ಟು 7,030 ರೂಪಾಯಿ. ಐದು ವಾರ ಕಾದೆ. ಪೆಟ್ಟಿಗೆ ಅಲ್ಲಾಡಿಸಿದಾಗಲೇ ಎದೆ ಧಸಕ್ಕೆಂದಿತು. ನಟ್ಟನಡುವೆ ಎರಡು ಹೋಳು. ‘ಕಳಿಸುವಾಗ ಸರಿಯಿತ್ತು’ ಎಂದು ಮಾರಿದವರು ಕೈ ತೊಳೆದುಕೊಂಡರು. ಹಟಕ್ಕೆ ಬಿದ್ದು ಸ್ಟ್ರಾಸ್‌ನದೇ ‘ಫ್ಲೆಡರ್‌ಮೌಸ್’, ಗೊಡೊವ್‌ಸ್ಕಿ ಪಿಯಾನೊಗೆ ಹೆಣೆದದ್ದು, ತರಿಸಿದೆ, ಮೊಯ್ಸೇವಿಚ್ ನುಡಿಸಿದ್ದು, ಅದೂ 1928ರದೇ. ಎಲ್‌ಪಿ ಮುಳ್ಳು ಆ ಅಗಲವಾದ ಗೀರಿನ ತಳದಲ್ಲಿ ಹೊರಳಾಡುತ್ತದೆ; ಮೂರು ಪಟ್ಟು ದಪ್ಪದ ಮುಳ್ಳಿಗೆ ಮತ್ತೆ 5,900. ಹೊಸ ಮುಳ್ಳಿನ ಗೌರವಕ್ಕೆಂದು ತಟ್ಟೆಯನ್ನು ಸ್ಪಿರಿಟ್ ಹಾಕಿ ಒರೆಸಿದೆ. ಹತ್ತಿಗೆ ಕಪ್ಪು ಹತ್ತಿದಾಗ ಕೊಳೆ ಬಿಡುತ್ತಿದೆ ಎಂದು ಹಿಗ್ಗಿದವನು ನಾನು!

ಸಿ.ಡಿ. ಸಾಕು: ಬಡಗಿಗಳು ಅರಗನ್ನು ಸ್ಪಿರಿಟ್‌ನಲ್ಲೇ ಕರಗಿಸಿ ಪಾಲಿಶ್ ಹಚ್ಚುವುದನ್ನು ನೋಡಿಲ್ಲವೇ ಸ್ವಾಮಿ? ಆ ತಟ್ಟೆಯೂ ಅರಗಿನದೇ. ನಾನು ಇದ್ದಬದ್ದ ತಟ್ಟೆಗಳನ್ನೆಲ್ಲ ಅರ್ಧ ಬೆಲೆಗೆ ಮಾರಿ ನೆಮ್ಮದಿಯಾಗಿದ್ದೇನೆ. ರಖ್ಮನಿನೊವ್ 1921ರಲ್ಲಿ ನುಡಿಸಿದ ಕ್ರೈಸ್ಲರನ ‘ಲೀಬೆಸ್‌ಲೈಡ್’ ಮೈಕ್ ಇಲ್ಲದೆ ತುತ್ತೂರಿಯ ಮುಂದೆ ನುಡಿಸಿ ಮುದ್ರಿಸುತ್ತಿದ್ದ ಕಾಲದ್ದು, ಮೈಕ್ ಬಂದದ್ದು 1925ರಲ್ಲಿ. ಸಿ.ಡಿ.ಯಲ್ಲಿ ಅದೂ ತಿಳಿಯಾಗಿ ಕೇಳುತ್ತದೆ.

ಎರಡು ಹೋಳು: ಏನು ತಿಳಿ? ಕರಕರ ತೆಗೆಯುವ ಭರದಲ್ಲಿ ಮೇಲಿನ ಸ್ವರಗಳ ಮಿನುಗನ್ನೂ ತೆಗೆದಿರುತ್ತಾರೆ. ನಾನು ಸ್ಪಿರಿಟ್‌ನಿಂದ ಮಾಡಿದ್ದನ್ನೇ ಅವರು ಕಂಪ್ಯೂಟರಿನಿಂದ ಮಾಡುತ್ತಾರೆ.

ಸುರುಳಿಪ್ರಿಯ: ಇಬ್ಬರೂ ದಾರಿ ತಪ್ಪಿದ್ದೀರಿ. ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕು ನಿಮಿಷವೇ ಹೆಚ್ಚು. 1919ರಲ್ಲಿ ಪಿಯಾನೊ ವಾದಕ ಬುಸೋನಿಗೆ, ಹತ್ತು ನಿಮಿಷದ ‘ಫೌಸ್ಟ್’ ವಾಲ್ಟ್ಸ್ ಅನ್ನು ನಾಲ್ಕಕ್ಕೆ ಇಳಿಸಿ ಎಂದರಂತೆ. ಹೆಂಡತಿಗೆ ಬರೆದ ಪತ್ರದಲ್ಲಿ ಆತ ಗೋಳಾಡಿದ್ದಾನೆ. ಕಲಾವಿದ ನುಡಿಸಿದ್ದನ್ನು ರಂಧ್ರಗಳಲ್ಲಿ ಹಿಡಿದಿಟ್ಟು ಸ್ವಯಂಚಾಲಿತ ಪಿಯಾನೊದಿಂದ ಮತ್ತೆ ನುಡಿಸುವ ಕಾಗದದ ಸುರುಳಿಗೆ ಈ ಕಾಟವಿಲ್ಲ. ನನ್ನ ಸ್ವಯಂಚಾಲಿತ ಪಿಯಾನೊದ ಗಾಳಿತಿದಿಗೆ ಮೂರು ಸಲ ಹೊಸ ಬಟ್ಟೆ ಹಾಕಿಸಿದ್ದೇನೆ, ಪ್ರತಿ ಸಲ 18,000. ಎರಡನೆಯದನ್ನು ಇಲಿ ತಿಂದಿತು. ಆದರೂ ಕಲಾವಿದನೇ ಮನೆಗೆ ಬಂದು ಕೂತಂತೆ!

ಸಿ.ಡಿ. ಸಾಕು: ಕಲಾವಿದನೋ, ತಪ್ಪಿದ ಸ್ವರದ ರಂಧ್ರ ಮುಚ್ಚಿ ಸರಿಯಾದದ್ದನ್ನು ಕೊರೆದ ಗುಮಾಸ್ತನೋ?

ಸುರುಳಿಪ್ರಿಯ: ಪಿಯಾನೊ ಮುಟ್ಟಿ ನೋಡದವರ ಮಾತು.

ಅರಮನೆ ರಸ್ತೆ: ಜಗಳ ಬಿಡಿ. ರಷ್ಯದ ಸಂಗೀತಗಾರ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ತಟ್ಟೆಗೆ ತುಂಬಿದ್ದು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ ಹಣದಿಂದ. ಅದನ್ನು ಕೊಳ್ಳಿ.

ಸಿ.ಡಿ. ಸಾಕು: ಅದು 1940ರ ದಶಕದ ಕೊನೆಯ ಮಾತು. ಇಲ್ಲಿ ಕೇಳಿದ್ದು ಸ್ಟ್ರಾಸ್ ವಾಲ್ಟ್ಸ್ ಬಗ್ಗೆ.

ಅರಮನೆ ರಸ್ತೆ: ಮೈಸೂರು ಎಂದೊಡನೆ ಕೆಲವರಿಗೆ ಉರಿ.

ಹೊಸಬ: ನನ್ನ ಯಂತ್ರಕ್ಕೆ 78ರ ವೇಗವೇ ಇಲ್ಲ, ಈಗ ನೋಡಿದೆ.

ಸಿ.ಡಿ. ಸಾಕು: ಎರಡು ಹೋಳು ಅವರೇ, ಆ ಒಡೆದ ಲೆವಿನ್ ಇನ್ನೂ ಇದೆಯೇ? ಎಸೆಯಬೇಡಿ. ಸಾಗಣೆಯ ಖರ್ಚು ನನ್ನದು.